ಹೊಸ್ತಿಲಾಚೆಯ ಶುಂಠಿ

ಹೊನ್ನೂರಿನ ಕೆಂಪನಂಜಪ್ಪನಿಗೆ ಎರಡು ಎಕರೆ ಅರಿಸಿನದ ಹೊಲ, ಅದರ ಅಂಚಿಗೆ ನಾಲ್ಕು ಸಾಲು ಶುಂಠಿ, ಒಂದು ಎಕರೆ ಕಬ್ಬಿನ ಗದ್ದೆ, ಬದುವಿನುದ್ದಕ್ಕೂ ತೆಂಗಿನ ಮರಗಳು ಇದ್ದವು. ದೊಡ್ಡಬಸಮ್ಮ ಎಂಬ ಹೆಂಡತಿಯೂ ಇದ್ದಳು. ಹೊಲ, ಗದ್ದೆ, ತೆಂಗು ಅವನ ಮಾತನ್ನು ಅಷ್ಟೋ ಇಷ್ಟೋ ಕೇಳುತ್ತಿದ್ದವು. ಯಳಂದೂರಿನ ಸಂತೆಗೆ ಗಾಡಿಗಟ್ಟಲೆ ಅರಿಸಿನ ಕಳಿಸುತ್ತಿದ್ದ ಈ ಮನುಷ್ಯ ಒಂದೂವರೆ ವರ್ಷದಿಂದ ತನ್ನ ಮನೆಯಲ್ಲಿ ಅರಿಸಿನವಿಲ್ಲದ ಸಾರು ಉಣ್ಣುತ್ತಿದ್ದ. ಅರಿಸಿನ ಒಂದೇ ಆಗಿದ್ದರೆ ಹೇಗೋ ಸಹಿಸಿಕೊಳ್ಳಬಹುದಿತ್ತು. ಈರುಳ್ಳಿಯೂ ಇಲ್ಲ, ಬೆಳ್ಳುಳ್ಳಿಯೂ ಇಲ್ಲ, ಶುಂಠಿಯೂ ಇಲ್ಲ, ಸುವರ್ಣಗೆಡ್ಡೆಯ ಹೆಸರೆತ್ತುವಂತಿಲ್ಲ. ಕೆಂಡದಲ್ಲಿ ಸುಟ್ಟ ಗೆಣಸೆಂದರೆ ಪ್ರಾಣ ಬಿಡುವ ಕೆಂಪನಂಜಪ್ಪ, ಯಾರದೋ ಹೊಲದಲ್ಲಿ ಗೆಣಸು ಸುಡುವ ವಾಸನೆ ಬಂದರೆ ಬಳಸುದಾರಿ ಹಿಡಿಯುತ್ತಿದ್ದ.

ಇದಕ್ಕೆಲ್ಲ ಕಾರಣ ದೊಡ್ಡಬಸಮ್ಮ ಹೊತ್ತ ಹರಕೆ. ಅವರ ಒಬ್ಬಳೇ ಮಗಳು ಶಿವರತ್ನಮ್ಮನನ್ನು ಕೊಳ್ಳೇಗಾಲದಾಚೆಯ ಸತ್ತೇಗಾಲಕ್ಕೆ ಕೊಟ್ಟು ಆರು ವರ್ಷವಾಗಿತ್ತು. ಆಗ ಹೊನ್ನೂರು ಮೈಸೂರು ಸಂಸ್ಥಾನದ್ದು, ಸತ್ತೇಗಾಲ ಕೊಯಮತ್ತೂರು ಜಿಲ್ಲೆಯದು. ಸರ್ಕಾರ ಬೇರೆಯಾದರೇನು, ಹುಡುಗಿ ಅಲ್ಲಿ ಸುಖವಾಗಿಯೇ ಇದ್ದಳು. ಮಡಿಲು ಮಾತ್ರ ತುಂಬಿರಲಿಲ್ಲ. ಪಂಡಿತರ ಲೇಹ್ಯವಾಯಿತು, ತಾಯಿತವಾಯಿತು. ಕೊನೆಗೆ ದೊಡ್ಡಬಸಮ್ಮ ಮಲೆ ಮಾದಪ್ಪನ ಬೆಟ್ಟ ಹತ್ತಿದಳು. ಜೊತೆಗೆ ಬಂದವರಲ್ಲಿ ಒಬ್ಬಾಕೆ ಬದನೆಕಾಯಿ ಬಿಟ್ಟಳು, ಇನ್ನೊಬ್ಬಾಕೆ ಕಾಫಿ ಬಿಟ್ಟಳು. ದೊಡ್ಡಬಸಮ್ಮನಿಗೆ ಅದು ದೇವರಿಗೆ ಚಿಲ್ಲರೆ ಕೊಟ್ಟ ಹಾಗೆ ಕಂಡಿತು. ಬಿಟ್ಟರೆ ಕಷ್ಟವಾಗುವುದನ್ನೇ ಬಿಡಬೇಕು ಎಂದುಕೊಂಡು ಅವಳು ಕೈಮುಗಿದು ಜೋರಾಗಿಯೇ ಹೇಳಿದಳು:

"ಮಾದಪ್ಪಾ, ನನ್ ಮಗಳಿಗೆ ಒಂದು ಕೂಸು ಕೊಡು. ಆ ಕೂಸಿನ ಮುಡಿ ನಿನ್ ಪಾದಕ್ಕೆ ಒಪ್ಪಿಸಾಗಂಟ ಬೇರು ಅನ್ನೋದು ನಮ್ಮನೆ ಒಸ್ಲು ದಾಟಾಕಿಲ್ಲ."

ಪಕ್ಕದಲ್ಲೇ ಇದ್ದ ಕೆಂಪನಂಜಪ್ಪನಿಗೆ ಸುಟ್ಟ ಗೆಣಸು ಕಣ್ಣ ಮುಂದೆ ಬಂತು. ದೊಡ್ಡಬಸಮ್ಮನ ಲೆಕ್ಕದಲ್ಲಿ ಮಣ್ಣಿನ ಕೆಳಗೆ ಬೆಳೆಯುವುದೆಲ್ಲವೂ ಬೇರು. ಅವಳೊಬ್ಬಳೇ ಏಕೆ, ಊರಿನ ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಿದ್ದರು. ಮನೆಗೆ ಬಂದವಳೇ ಅಡುಗೆಮನೆಯ ಮೂಲೆಮೂಲೆ ತಡಕಿ ಒಣಶುಂಠಿಯ ಚೂರನ್ನೂ ಬಿಡದೆ ಹೊರಗೆ ಹಾಕಿದಳು.

ಹತ್ತು ತಿಂಗಳಿಗೆ ಮಾದಪ್ಪ ಕಣ್ಣು ಬಿಟ್ಟ. ಮಗಳು ಬಸುರಿ ಎಂದು ಸತ್ತೇಗಾಲದಿಂದ ಸುದ್ದಿ ಬಂದ ದಿನ ದೊಡ್ಡಬಸಮ್ಮ ಬೀದಿಗೆಲ್ಲ ಬೆಲ್ಲ ಹಂಚಿದಳು. ಏಳನೆಯ ತಿಂಗಳಲ್ಲಿ ಗಾಡಿ ಕಟ್ಟಿಸಿಕೊಂಡು ಹೋಗಿ ಮಗಳನ್ನು ಚೊಚ್ಚಲ ಹೆರಿಗೆಗೆ ತವರಿಗೆ ಕರೆತಂದಳು. ಎಲ್ಲವೂ ಚೆನ್ನಾಗಿತ್ತು, ಸೂಲಗಿತ್ತಿ ಬಸವಮ್ಮ ಒಂದು ಮಧ್ಯಾಹ್ನ ಬಂದು ಜಗಲಿಯ ಮೇಲೆ ಕಾಲು ಚಾಚಿ ಕೂರುವವರೆಗೆ.

"ದೊಡ್ಡಬಸಮ್ಮಾರೇ, ಬಾಣಂತಿ ಸಾಮಾನು ಈಗ್ಲೇ ತಂದು ಮಡೀಕಳಿ," ಎಂದು ಬಸವಮ್ಮ ಬೆರಳು ಮಡಿಸತೊಡಗಿದಳು. "ಸುಂಟಿ ಎರಡು ಸೇರು ಬೇಕು. ಬೆಳ್ಳುಳ್ಳಿ ಅದಕ್ಕಿಂತ ಜಾಸ್ತಿ ಬೇಕು. ಅರಿಸ್ನ ನಿಮ್ ಹೊಲದ್ದೇ ಅದೆ, ಬುಡಿ."

ದೊಡ್ಡಬಸಮ್ಮ ಮೊರದಲ್ಲಿ ಅವರೆಕಾಳು ಕೇರುತ್ತಿದ್ದಳು. ಕೈ ನಿಂತಿತು. ಮೊರ ನಿಂತಿತು. ಕೂಸಿಗಾಗಿ ಹರಕೆ ಹೊತ್ತವಳು ಕೂಸು ಹುಟ್ಟಿದ ಮೇಲೆ ಬಾಣಂತಿಗೆ ಏನು ಹಾಕುವುದು ಎಂದು ಯೋಚಿಸಿರಲಿಲ್ಲ. ಮಾಗಿದ ಸಂಸಾರಸ್ಥೆ, ಬೀದಿಯ ಅರ್ಧ ಬಾಣಂತನ ಮಾಡಿಸಿದವಳು, ಇಷ್ಟು ದೊಡ್ಡ ವಿಷಯ ಮರೆತಿದ್ದಳು. ಕೆಂಪನಂಜಪ್ಪನಿಗೆ ನಗು ಬಂತು. ಹೆಂಡತಿಯ ಮುಖ ನೋಡಿ ನುಂಗಿಕೊಂಡ.

"ನಮ್ಮನೇಲಿ ಕುದಿಸ್ಕೊಂಡು ತಂದುಕೊಡ್ತೀನಿ," ಎಂದಳು ಬಸವಮ್ಮ.

"ಒಲೆ ಯಾರ್ದಾದ್ರೇನು, ತಂದು ಕೊಡೋದು ನಮ್ ಒಸ್ಲು ಒಳಗೇ ತಾನೆ?"

"ಅಂಗಾರೆ ಹಿತ್ತಲಲ್ಲಿ ಒಂದು ಗುಡಿಸಲು ಆಕಿ..." ಎಂದು ಕೆಂಪನಂಜಪ್ಪ ಬಾಯಿ ತೆರೆದ.

"ಹಸಿ ಬಾಣಂತೀನ ಗುಡಿಸಲಲ್ಲಿ ಮಲಗಿಸ್ತೀರಾ? ನಾಚಿಕೆ ಆಗಾಕಿಲ್ವಾ?" ಎಂದು ಹೆಂಡತಿ ಗದರಿದಳು.

ಕೆಂಪನಂಜಪ್ಪ ಟವಲು ಹೆಗಲಿಗೆ ಹಾಕಿಕೊಂಡು ಹೊಲದ ಕಡೆ ಹೋದ.

ಸುದ್ದಿ ಬಸವಮ್ಮನ ಬಾಯಿಂದ ಬೀದಿಗೆ, ಬೀದಿಯಿಂದ ಕೊಳ್ಳೇಗಾಲದ ಸಂತೆಗೆ, ಸಂತೆಯಿಂದ ಸತ್ತೇಗಾಲಕ್ಕೆ ಹೋಗಲು ಎಂಟು ದಿನ ಸಾಕಾಯಿತು. ಒಂಬತ್ತನೆಯ ದಿನ ಬೆಳಿಗ್ಗೆ ಶಿವರತ್ನಮ್ಮನ ಅತ್ತೆ ಕೆಂಪಾಜಮ್ಮ ಕಮಾನು ಗಾಡಿಯಲ್ಲಿ ಬಂದಿಳಿದಳು. ಗಂಡ ಹೋದ ಮೇಲೆ ನಾಲ್ಕು ಎಕರೆ ಕಬ್ಬನ್ನು ತಾನೇ ನಿಂತು ಮಾಡಿಸುವ ಹೆಂಗಸು. ಮಾತು ಕಡಿಮೆ, ಇದ್ದಷ್ಟೂ ಖಾರ.

ಯುಗಾದಿ ಮುಗಿದು ಮೊದಲ ಮಳೆ ಬಿದ್ದಿತ್ತು. ಜಗಲಿಯ ತುಂಬ ಬಿತ್ತನೆಯ ಶುಂಠಿ, ಅರಿಸಿನ ಹರಡಿಕೊಂಡಿತ್ತು. ಹೊಲಕ್ಕೆ ಏನೇ ಬೇಕಾದರೂ ಅದು ಜಗಲಿಯಿಂದಲೇ ಹೋಗಬೇಕು, ಒಳಗೆ ಬರುವಂತಿಲ್ಲ. ದೊಡ್ಡಬಸಮ್ಮ ಕುಡುಗೋಲು ಹಿಡಿದು ಒಂದೊಂದನ್ನೇ ತಿರುಗಿಸಿ ನೋಡಿ ತುಂಡು ಮಾಡುತ್ತಿದ್ದಳು. ಈ ಕೆಲಸವನ್ನು ಅವಳು ಆಳುಗಳ ಕೈಗೆ ಕೊಟ್ಟವಳೇ ಅಲ್ಲ. ಅವಳು ಆರಿಸಿದ ಬಿತ್ತನೆಗಾಗಿ ಅಕ್ಕಪಕ್ಕದ ಊರಿನವರು ಬಂದು ಕಾಯುತ್ತಿದ್ದರು.

ಕಾಲು ತೊಳೆದು, ನೀರು ಕುಡಿದು, ಸೊಸೆಯ ಮುಖ ನೋಡಿ ಬಂದು ಕೆಂಪಾಜಮ್ಮ ನೇರವಾಗಿ ವಿಷಯಕ್ಕೆ ಬಂದಳು.

"ಬೀಗಿತ್ತೀ, ನಿಮ್ ಅರಕೆ ದೊಡ್ಡದು, ನಾ ಬ್ಯಾಡ ಅನ್ನಾಕಿಲ್ಲ. ಆದ್ರೆ ಸುಂಟಿ ಬೆಳ್ಳುಳ್ಳಿ ಇಲ್ದೆ ಬಾಣಂತನ ಆಯ್ತದಾ? ನಮ್ ಸೊಸೆ ಮಗೀನ ನಾ ಕರ್ಕಂಡು ಓಯ್ತೀನಿ. ಎರಿಗೆ ನಮ್ಮನೇಲೆ ಆಗ್ಲಿ."

ಬಾಗಿಲ ಹಿಂದೆ ಶಿವರತ್ನಮ್ಮನ ಬಳೆಯ ಸದ್ದು ನಿಂತುಹೋಯಿತು. ಚೊಚ್ಚಲ ಹೆರಿಗೆಗೆ ಬಂದ ಮಗಳು ತುಂಬು ಹೊಟ್ಟೆಯಲ್ಲಿ ಗಂಡನ ಮನೆಗೆ ವಾಪಸು ಹೋಗುವುದೆಂದರೆ ತವರಿಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಅವಮಾನ ಹಾಗಿರಲಿ, ಆ ಹುಡುಗಿಗೆ ಈಗ ಅವ್ವನೇ ಬೇಕಾಗಿತ್ತು. ದೊಡ್ಡಬಸಮ್ಮ ಶುಂಠಿ ಕತ್ತರಿಸುವುದನ್ನು ಮುಂದುವರಿಸಿದಳು, ಒಂದೊಂದು ತುಂಡನ್ನೂ ಮೊದಲಿಗಿಂತ ಹೆಚ್ಚು ಹೊತ್ತು ತಿರುಗಿಸಿ ನೋಡತೊಡಗಿದಳು.

ಬಿಗುವನ್ನು ಸಡಿಲಿಸಬೇಕೆಂದೋ ಏನೋ, ಕೆಂಪಾಜಮ್ಮ ಒಂದು ತುಂಡನ್ನು ಎತ್ತಿಕೊಂಡು ಅಂದಳು: "ಅಲ್ಲ, ಇದನ್ಯಾಕೆ ಇಷ್ಟು ತಿರುಗಿಸಿ ತಿರುಗಿಸಿ ನೋಡ್ತೀರಿ? ಬೇರು ತಾನೆ. ಅಂಗೇ ಮುರ್ದು ನೆಲಕ್ಕೆ ಒಗುದ್ರೆ ಬತ್ತದೆ."

ಕೆಂಪಾಜಮ್ಮ ಬೇರೆ ಏನು ಅಂದಿದ್ದರೂ ನಡೆಯುತ್ತಿತ್ತು. ದೊಡ್ಡಬಸಮ್ಮನ ಬಿತ್ತನೆಗೆ ಮಾತ್ರ ಕೈ ಹಾಕಬಾರದಿತ್ತು.

"ಒಗುದ್ರೆ ಬತ್ತದಾ?" ದೊಡ್ಡಬಸಮ್ಮ ಕುಡುಗೋಲು ಕೆಳಗಿಟ್ಟಳು. "ನಾಕು ಎಕರೆ ಕಬ್ಬು ಮಾಡ್ತೀರಿ. ಕಬ್ಬಿನ ಬೇರು ಕಿತ್ತು ನೆಟ್ರೆ ಮೊಳೀತದಾ ಬೀಗಿತ್ತೀ?"

"ಬೇರು ಯಾರಾದ್ರೂ ನೆಡ್ತಾರಾ? ಗೆಣ್ಣಿರೋ ತುಂಡು ನೆಡಬೇಕು. ಗೆಣ್ಣಲ್ಲಿ ಕಣ್ಣಿರ್ತದೆ, ಅಲ್ಲಿ ಮೊಳೆ ಬತ್ತದೆ."

"ನೋಡಿ ಮತ್ತೆ! ಇಲ್ಲಿ ನೋಡಿ." ದೊಡ್ಡಬಸಮ್ಮ ಶುಂಠಿಯನ್ನು ಅವಳ ಮೂಗಿನ ತನಕ ಒಯ್ದಳು. "ಈ ಗೀಟು ಕಾಣ್ತದಾ, ಉಂಗುರದಂಗೆ? ಇದೇ ಗೆಣ್ಣು. ಗೆಣ್ಣಿನ ಮ್ಯಾಲೆ ಈ ಒಣಗಿದ ಸಿಪ್ಪೆ ಸುತ್ಕಂಡಿದೆಯಲ್ಲ, ಇದು ಎಲೆ. ಬಿಸಿಲು ಕಾಣ್ದೆ ಇಂಗಾಗದೆ. ಎಲೆ ಮಗ್ಗುಲಲ್ಲಿ ಈ ಮೊಗ್ಗು, ಇದು ಕಣ್ಣು. ಬೇರಿಗೆ ಗೆಣ್ಣಿರ್ತದಾ? ಎಲೆ ಬತ್ತದಾ? ಬೇರು ಅಂದ್ರೆ ಅಕೋ, ಹೊಟ್ಟೆ ಕೆಳಗೆ ದಾರದಂಗೆ ನೇತಾಡ್ತಾವಲ್ಲ, ಅವು. ಕಬ್ಬು ನಿಂತ್ಕಂಡು ಬೆಳೀತದೆ, ಇದು ನೆಲದೊಳಗೆ ಮಲಗ್ಕಂಡು ಬೆಳೀತದೆ. ಅಷ್ಟೇ ಕಣ್ರೀ! ಇದು ಬೇರಲ್ಲ, ದಂಟು!"

ಹೇಳಿ ಮುಗಿಸಿದವಳು ಹಾಗೆಯೇ ಬಾಯಿ ತೆರೆದುಕೊಂಡು ಕೂತಳು. ತಾನು ಏನು ಹೇಳಿದೆ ಎಂಬುದು ಆಗ ಅವಳ ಕಿವಿಗೆ ಬಿತ್ತು.

ಕೆಂಪನಂಜಪ್ಪ ಕಂಬ ಹಿಡಿದು ನಿಂತಿದ್ದ. ಕುಣಿಯಬೇಕೆನಿಸಿತು. ಆದರೆ ಮೂವತ್ತು ವರ್ಷ ಸಂಸಾರ ಮಾಡಿದ ಮನುಷ್ಯನಿಗೆ ಬುದ್ಧಿ ಇತ್ತು. ತಾನೇನಾದರೂ "ಹೌದು ಕಣೆ" ಅಂದರೆ ಆ ಕ್ಷಣವೇ ಶುಂಠಿ ಮತ್ತೆ ಬೇರಾಗಿಬಿಡುತ್ತದೆ ಎಂದು ಅವನಿಗೆ ಗೊತ್ತು. ತೆಂಗಿನ ಗರಿಯ ಕಡೆ ನೋಡುತ್ತ ಸುಮ್ಮನಿದ್ದ.

"ಅವ್ವಾ, ಅಂಗಾರೆ..." ಎಂದು ಬಾಗಿಲ ಹಿಂದಿನಿಂದ ಶಿವರತ್ನಮ್ಮ ಅಂದಳು.

"ಸುಮ್ನಿರು." ದೊಡ್ಡಬಸಮ್ಮನ ದನಿ ಇಳಿದಿತ್ತು. "ಮಾತಲ್ಲಿ ಗೆದ್ದು ದೇವರಿಗೆ ಟೋಪಿ ಹಾಕಾಕಾಯ್ತದಾ? ನೆಟ್ಟು ನೋಡವ. ಕಣ್ಣೊಡೆದು ಮೊಳೆ ಬಂದ್ರೆ ದಂಟು. ಇಲ್ದಿದ್ರೆ ಬೇರು. ಇಪ್ಪತ್ತೊಂದು ದಿನ ಕೊಡಿ ಬೀಗಿತ್ತೀ. ಒಂದು ಬರದೆ ಓದ್ರೂ ನಾನೇ ಮಗೀನ ನಿಮ್ ಗಾಡಿ ಹತ್ತಿಸ್ತೀನಿ."

"ನಿಜವಾದ ಬೇರನ್ನೂ ಒಂದು ನೆಡಿ," ಎಂದಳು ಕೆಂಪಾಜಮ್ಮ. "ಆಗ್ಲೇ ಗೊತ್ತಾಗೋದು."

ನಾಲ್ಕು ಕುಡಿಕೆ ಬಂದವು. ಒಂದರಲ್ಲಿ ಶುಂಠಿ, ಒಂದರಲ್ಲಿ ಅರಿಸಿನ, ಒಂದರಲ್ಲಿ ಬೆಳ್ಳುಳ್ಳಿಯ ಎಸಳು, ಕೊನೆಯದರಲ್ಲಿ ತಲೆ ಕತ್ತರಿಸಿದ ಮೂಲಂಗಿಯ ತುಂಡು. ದೊಡ್ಡಬಸಮ್ಮ ಒಂದೊಂದರಲ್ಲೂ ಒಂದೊಂದನ್ನೇ ಹೂತು, ಹೊಸ್ತಿಲಿನ ಹೊರಗೆ ಸಾಲಾಗಿ ಇಟ್ಟು, ನೀರು ಚಿಮುಕಿಸಿ ಕೈಮುಗಿದಳು. ಕೆಂಪಾಜಮ್ಮ ಗಾಡಿ ಹತ್ತಿ ಹೋದಳು.

ಮರುದಿನದಿಂದ ಮನೆಯವರೆಲ್ಲರ ಕಣ್ಣು ಆ ನಾಲ್ಕು ಕುಡಿಕೆಗಳ ಮೇಲೆ. ಬೀದಿಯವರೂ ಹಾಲಿಗೆ, ಮಜ್ಜಿಗೆಗೆ ನೆಪ ಮಾಡಿಕೊಂಡು ಬಂದು ಬಗ್ಗಿ ನೋಡಿ ಹೋದರು. ಆರನೆಯ ದಿನಕ್ಕೆ ಬೆಳ್ಳುಳ್ಳಿ ಹಸಿರು ನಾಲಗೆ ಚಾಚಿತು. ದೊಡ್ಡಬಸಮ್ಮ ಅದನ್ನು ಕಿತ್ತು, ಸಿಪ್ಪೆ ಬಿಡಿಸಿ ಮಗಳಿಗೆ ತೋರಿಸಿದಳು. ತಿನ್ನುವ ಎಸಳು ದಪ್ಪಗಾದ ಎಲೆ, ಕೆಳಗೆ ಬಿಲ್ಲೆಯ ಹಾಗೆ ತೆಳ್ಳಗಿರುವುದೇ ಅದರ ದಂಟು, ಅದರಡಿಯ ಗಡ್ಡವೇ ಬೇರು. ಗಡ್ಡವನ್ನು ಹೊರಗೇ ಹೆರೆದು ಬಿಸಾಡಿದರೆ ಉಳಿದದ್ದಕ್ಕೆ ದೋಷವಿಲ್ಲ ಎಂದು ಅವಳು ತೀರ್ಪು ಕೊಟ್ಟಳು. ಹದಿನಾಲ್ಕನೆಯ ದಿನ ಅರಿಸಿನ ಚೂಪು ಮೂತಿ ಹೊರಹಾಕಿತು. ಮೂಲಂಗಿ ಕೊಳೆತು ನಾರತೊಡಗಿತು. ಜೀವಮಾನದಲ್ಲಿ ಕೊಳೆತ ಮೂಲಂಗಿಯನ್ನು ನೋಡಿ ಯಾರೂ ಅಷ್ಟು ಸಂತೋಷಪಟ್ಟಿರಲಾರರು.

ಶುಂಠಿ ಮಾತ್ರ ಮಿಸುಕಲಿಲ್ಲ. ಹದಿನೈದಾಯಿತು, ಹದಿನೇಳಾಯಿತು. ಬಾಣಂತಿಗೆ ಎಲ್ಲಕ್ಕಿಂತ ಮುಖ್ಯವಾದದ್ದೇ ಅದು.

ಒಂದು ಸಂಜೆ ಕೆಂಪನಂಜಪ್ಪ ಹೊಲದಿಂದ ಬಂದಾಗ ದೊಡ್ಡಬಸಮ್ಮ ಶುಂಠಿಯ ಕುಡಿಕೆಯ ಮುಂದೆ ಒಬ್ಬಳೇ ಕೂತಿದ್ದಳು. ಅವನು ಹತ್ತಿರ ಕೂತ.

"ಯಾಕೆ ಇಷ್ಟು ಹಟ ಮಾಡ್ತೀಯೆ?" ಎಂದು ಮೆಲ್ಲಗೆ ಕೇಳಿದ. "ಮಾದಪ್ಪ ಏನು ಕೋರ್ಟಿನ ಅಮೀನನಾ, ಮನೆಗೆ ಬಂದು ಪಾತ್ರೆ ಎತ್ತಿ ನೋಡಾಕೆ?"

"ಹಟ ಅಲ್ಲ ಕಣ್ರೀ." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಭಯ. ಆರು ವರ್ಷ ಕಾದು ಬಂದಿರೋ ಕೂಸು. ನಾ ಕೊಟ್ಟ ಮಾತಲ್ಲಿ ಒಂದು ಎಳೆ ತಪ್ಪಿ, ಅದಕ್ಕೆ ಏನಾದ್ರೂ ಆದ್ರೆ? ಅದರ ಬದಲು ಮಗಳು ದೂರ ಇದ್ರೂ ಚಂದಾಗಿರ್ಲಿ."

ಒಂದೂವರೆ ವರ್ಷ ಅವಳನ್ನು ಮನಸ್ಸಿನಲ್ಲೇ ಬೈದುಕೊಂಡಿದ್ದ ಕೆಂಪನಂಜಪ್ಪನಿಗೆ ನಾಚಿಕೆಯಾಯಿತು. ಅವಳು ದೇವರೊಡನೆ ಜಂಬ ಮಾಡುತ್ತಿದ್ದಾಳೆ ಎಂದು ಅವನು ತಿಳಿದಿದ್ದ. ಅವಳು ಹೆದರಿ ಸಾಯುತ್ತಿದ್ದಳು. ಅವನು ಅವಳ ಬೆನ್ನ ಮೇಲೆ ಕೈಯಿಟ್ಟ. ಏನು ಹೇಳಬೇಕೆಂದು ತೋಚದೆ, "ಬತ್ತದೆ ಕಣೆ, ಬತ್ತದೆ" ಎಂದಷ್ಟೇ ಅಂದ.

ಆದರೆ ಬರಬೇಕಲ್ಲ! ಹತ್ತೊಂಬತ್ತನೆಯ ದಿನ ಕೆಂಪಾಜಮ್ಮ ಗಾಡಿಗೆ ಹುಲ್ಲಿನ ಮೆತ್ತೆ ಹಾಸಿಸಿಕೊಂಡು, ಸೊಸೆಯನ್ನು ಕರೆದೊಯ್ಯಲು ಸಿದ್ಧಳಾಗಿಯೇ ಬಂದಳು. ಶಿವರತ್ನಮ್ಮ ಊಟ ಬಿಟ್ಟು ಮಲಗಿದಳು. ಅಂದು ಮಧ್ಯಾಹ್ನ ಹೆಂಗಸರು ಒಳಗೆ ಅಡ್ಡಾಗಿದ್ದಾಗ ಕೆಂಪನಂಜಪ್ಪ ಹೊಲಕ್ಕೆ ಹೋದ. ಸಾಲಿನಲ್ಲಿ ಆಗಲೇ ಮೊಳೆತಿದ್ದ ಒಂದು ಶುಂಠಿಯನ್ನು ಕೆದಕಿ, ಪಂಚೆಯ ಮಡಿಕೆಯಲ್ಲಿ ಮುಚ್ಚಿಕೊಂಡು ಬಂದು, ಅತ್ತಿತ್ತ ನೋಡಿ, ಮೊಳಕೆಯ ತುದಿ ಮುಚ್ಚುವಂತೆ ಕುಡಿಕೆಯ ಮಣ್ಣೊಳಗೆ ತುರುಕಿದ. "ಮಾದಪ್ಪಾ, ತಪ್ಪೇನಿದ್ರೂ ನನ್ ತಲೆ ಮ್ಯಾಲೆ ಆಕು, ಅವಳ ಮ್ಯಾಲಲ್ಲ," ಎಂದು ಗೊಣಗಿಕೊಂಡು ಕೈ ತೊಳೆದ.

ಇಪ್ಪತ್ತೊಂದನೆಯ ದಿನ ಬೆಳಿಗ್ಗೆ ಶುಂಠಿಯ ಕುಡಿಕೆಯಲ್ಲಿ ಮೂರು ಹಸಿರು ಮೊಳಕೆಗಳು ನಿಂತಿದ್ದವು.

"ಬಂತು! ಬಂತು!" ಎಂದು ಕೆಂಪನಂಜಪ್ಪ ಎಲ್ಲರಿಗಿಂತ ಮೊದಲು ಕೂಗಿದ. ಕೂಗಿದ ಮೇಲೆ ಎಣಿಸಿದ. ಅವನು ಇಟ್ಟದ್ದಕ್ಕೆ ಇದ್ದದ್ದು ಒಂದೇ ಮೊಳಕೆ.

ಕೆಂಪಾಜಮ್ಮ ಬಗ್ಗಿ ನೋಡಿ, "ನೋಡಿ ಬೀಗಿತ್ತೀ, ನಿಮ್ ಮಾತೇ ಗೆದ್ದದ್ದು," ಎಂದು ಅವಸರದಿಂದ ಅಂದಳು. ಶಿವರತ್ನಮ್ಮ, "ಇನ್ಯಾಕೆ ಕೆದಕ್ತೀಯವ್ವ, ಬುಡು," ಎಂದಳು.

ದೊಡ್ಡಬಸಮ್ಮ ಮೂರು ಮೊಳಕೆಗಳನ್ನೂ ಮುಟ್ಟಿ ನೋಡಿದಳು, ಒಂದೊಂದೂ ಒಂದೊಂದು ದಪ್ಪವಿತ್ತು. ಕುಡಿಕೆಯನ್ನು ಎತ್ತಿ ಜಗಲಿಯ ಮೇಲೆ ಬೋರಲು ಹಾಕಿ ತಟ್ಟಿದಳು. ಮಣ್ಣು ಬಿಚ್ಚಿಕೊಂಡಿತು. ಅವಳು ನೆಟ್ಟದ್ದು ಒಂದು ತುಂಡು, ಹೊರಬಂದದ್ದು ನಾಲ್ಕು.

ಒಂದನ್ನು ಎತ್ತಿ ನೋಡಿ, "ಇದು ನಮ್ ಹೊಲದ ಕೆಂಪು ಮಣ್ಣು," ಎಂದು ಗಂಡನ ಕಡೆ ತಿರುಗಿದಳು. ಕೆಂಪನಂಜಪ್ಪ ತೆಂಗಿನ ಗರಿ ನೋಡತೊಡಗಿದ. ಎರಡನೆಯದನ್ನು ಬೆರಳಲ್ಲಿ ಉಜ್ಜಿದಳು. "ಇದು ಹೊಳೆ ಮರಳು. ಕಾವೇರಿ ದಂಡೇದು. ಸತ್ತೇಗಾಲದಿಂದ ಇಲ್ಲೀಗಂಟ ನಡ್ಕಂಡು ಬಂತಾ ಇದು?" ಕೆಂಪಾಜಮ್ಮ ಸೆರಗನ್ನು ಸರಿಮಾಡಿಕೊಂಡಳು. ಮೂರನೆಯದು ಜಗಲಿಯ ರಾಶಿಯಲ್ಲಿ ಮೊಳೆತಿದ್ದ ಪುಟ್ಟ ಚೂರು. ಶಿವರತ್ನಮ್ಮ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಗೋಡೆಯ ಕಡೆ ಮುಖ ಮಾಡಿದಳು.

ನಾಲ್ಕನೆಯದು ಎಲ್ಲಕ್ಕಿಂತ ಅಡಿಯಲ್ಲಿತ್ತು. ಮೂರು ಕಣ್ಣಿನ, ಹೆಬ್ಬೆರಳಿನ ಹಾಗೆ ಬಾಗಿದ ತುಂಡು. ತಾನು ಆರಿಸಿದ ಬಿತ್ತನೆಯನ್ನು ದೊಡ್ಡಬಸಮ್ಮ ಎಲ್ಲಿ ಕಂಡರೂ ಗುರುತಿಸುತ್ತಿದ್ದಳು. ಅದರ ಕಣ್ಣೊಂದು ಒಡೆದು, ಬೆರಳುದ್ದದ ಬಿಳಿ ಮೊಳೆ ಬಂದಿತ್ತು. ಮೇಲೇಳಲು ಜಾಗವಿಲ್ಲದೆ ಅಡ್ಡಡ್ಡಲಾಗಿ ದಾರಿ ಹುಡುಕುತ್ತ ಕುಡಿಕೆಯನ್ನು ಅರ್ಧ ಸುತ್ತಿತ್ತು.

"ಬಂದಿತ್ತು," ಎಂದಳು ದೊಡ್ಡಬಸಮ್ಮ. "ತಾನಾಗೇ ಬಂದಿತ್ತು. ನೀವು ಮೂರು ಜನ ಸೇರಿ ಅದರ ತಲೆ ಮ್ಯಾಲೆ ಕುಂತ್ಕಂಡ್ರೆ ಅದಾದ್ರೂ ಎಲ್ಲಿಂದ ಎದ್ದಾತು, ಪಾಪ!"

ಮೊದಲು ನಕ್ಕವಳು ಅವಳೇ. ಆಮೇಲೆ ಕೆಂಪನಂಜಪ್ಪ ನಕ್ಕ, ಶಿವರತ್ನಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು, ಗಾಡಿ ಹೊಡೆಯುವವನು ಏನೆಂದು ತಿಳಿಯದೆ ಬೀದಿಯಲ್ಲೇ ನಿಂತು ನಕ್ಕ. ಕೆಂಪಾಜಮ್ಮ ಮಾತ್ರ ನಗಲಿಲ್ಲ.

"ನೀವ್ಯಾಕೆ ಬೀಗಿತ್ತೀ?" ಎಂದು ದೊಡ್ಡಬಸಮ್ಮ ಕೇಳಿದಳು. "ಕರ್ಕಂಡು ಓಗಾಕೆ ಬಂದೋರು ನೀವು. ಬರದೆ ಇದ್ರೆ ನಿಮಗೇ ಅಲ್ವಾ ಗೆಲುವು?"

ಕೆಂಪಾಜಮ್ಮ ತಾನು ತಂದಿದ್ದ ತುಂಡನ್ನು ಕೈಗೆತ್ತಿಕೊಂಡು ಅದರ ಮರಳು ಉದುರಿಸಿದಳು.

"ನಾ ಮೊದಲ್ನೇ ಕೂಸು ಎತ್ತಾಗ ನಮ್ಮವ್ವ ಇರ್ಲಿಲ್ಲ," ಎಂದಳು. "ಅತ್ತೆ ಮನೇಲೆ ಆಯ್ತು ಬಾಣಂತನ. ಸುಂಟಿ, ಬೆಳ್ಳುಳ್ಳಿ ಎಲ್ಲಾ ಕೊಟ್ರು, ಯಾವುದಕ್ಕೂ ಕಮ್ಮಿ ಮಾಡ್ಲಿಲ್ಲ. ಆದ್ರೂ ಒಂದೊಂದು ಗುಟುಕಿಗೂ ಅವ್ವನ ಕೈ ನೆನಪಾಗೋದು. ಈ ಮಗೀಗೆ ಅಂಗಾಗೋದು ಬ್ಯಾಡ ಅನ್ನುಸ್ತು. ಅದಕ್ಕೆ ಸೊಂಟದಲ್ಲಿ ಕಟ್ಕಂಡು ತಂದೆ."

ದೊಡ್ಡಬಸಮ್ಮ ಬಾಗಿದ ತುಂಡನ್ನು ಎತ್ತಿಕೊಂಡು, ಅಡಿಯ ದಾರದಂಥ ಬೇರುಗಳನ್ನು ಉಗುರಿನಿಂದ ಒಂದೊಂದಾಗಿ ಬಿಡಿಸಿ ಹೊರಗೆ ಹಾಕಿದಳು. ಬೆಟ್ಟವಿದ್ದ ದಿಕ್ಕಿಗೆ ತಿರುಗಿ ಕೈಮುಗಿದು, ಬಲಗಾಲಿಟ್ಟು ಶುಂಠಿಯೊಡನೆ ಹೊಸ್ತಿಲು ದಾಟಿದಳು. ಒಳಗೆ ಜಜ್ಜುವ ಸದ್ದು ಕೇಳಿತು. ಒಂದೂವರೆ ವರ್ಷದ ಮೇಲೆ ಆ ಮನೆಯಿಂದ ಶುಂಠಿಯ ಘಮ ಬೀದಿಗೆ ಬಂತು.

ಶಿವರತ್ನಮ್ಮ ಕೈಚಾಚಿದಳು. ದೊಡ್ಡಬಸಮ್ಮ ಬಿಸಿ ಕಷಾಯದ ಲೋಟ ಹಿಡಿದು ಬಂದವಳು ಮಗಳನ್ನು ದಾಟಿ ಹೋಗಿ ಕೆಂಪಾಜಮ್ಮನ ಮುಂದೆ ಕೂತಳು.

"ತಕಳವ್ವ, ಕುಡಿ," ಎಂದಳು. ಬೀಗಿತ್ತಿಗೆ ಅವಳು ಯಾವತ್ತೂ ಏಕವಚನ ಆಡಿದವಳಲ್ಲ. "ಬೆಲ್ಲ ಒಸಿ ಜಾಸ್ತೀನೇ ಆಕಿದ್ದೀನಿ. ಬಿಸಿ ಇರುವಾಗ್ಲೇ ಕುಡಿ."

ಕೆಂಪಾಜಮ್ಮ ಎರಡೂ ಕೈಯಲ್ಲಿ ಲೋಟ ಹಿಡಿದುಕೊಂಡಳು. ನಾಲ್ಕು ಎಕರೆ ಕಬ್ಬನ್ನು ಒಬ್ಬಳೇ ಆಳುವ ಹೆಂಗಸು ಒಂದು ಗುಟುಕು ಕುಡಿದು ಮಗುವಿನಂತೆ ಅಳತೊಡಗಿದಳು. ದೊಡ್ಡಬಸಮ್ಮ ಅವಳ ತಲೆ ಸವರುತ್ತ, ಲೋಟ ಖಾಲಿಯಾಗುವವರೆಗೂ ಅಲ್ಲೇ ಕೂತಿದ್ದಳು.